ಬೆಂಡೆಕಾಯಿಗೆ ಭಾನುವಾರವಿಲ್ಲ

(ಚಿಕ್ಕಬಳ್ಳಾಪುರ ಜಿಲ್ಲೆಯ ಕಾಲೇಜೊಂದರಲ್ಲಿ, ಆಷಾಢದ ಮೊದಲ ವಾರ, ವಿದ್ಯಾರ್ಥಿಗಳಿಗೂ ಸುತ್ತಲಿನ ಊರುಗಳ ರೈತರಿಗೂ ತರಕಾರಿ ಕೃಷಿಯ ಅಧ್ಯಾಪಕಿಯೊಬ್ಬರು ಆಡಿದ ಮಾತಿನ ಬರಹ ರೂಪ)

ಮೂರು ದಿನ ಊರಿಗೆ ಹೋಗಿ ಬಂದ ವಿದ್ಯಾರ್ಥಿನಿಯೊಬ್ಬಳು ತನ್ನ ಮಡಿಯ ಮುಂದೆ ನಿಂತು ಕಣ್ಣೀರು ಹಾಕಿದ್ದನ್ನು ನಾನು ನೋಡಿದ್ದೇನೆ. ಶುಕ್ರವಾರ ಸಂಜೆ ಅವಳು ಬಸ್ ಹತ್ತುವಾಗ ಬೆಂಡೆ ಗಿಡಗಳಲ್ಲಿ ಬೆರಳುದ್ದದ ಎಳೆಗಾಯಿಗಳಿದ್ದವು. ಮಂಗಳವಾರ ಬೆಳಿಗ್ಗೆ ಬಂದು ನೋಡಿದರೆ ಅವೆಲ್ಲ ಗೇಣುದ್ದ ಬೆಳೆದು, ಏಣುಗಳು ಬಲಿತು, ತುದಿ ಮುರಿದರೆ ಟಕ್ಕೆಂದು ಮುರಿಯದೆ ನಾರಿನಂತೆ ಬಾಗುತ್ತಿದ್ದವು. ಎಪ್ಪತ್ತು ದಿನ ನೀರು ಹಾಕಿ, ಕಳೆ ಕಿತ್ತು, ಹುಳ ಆರಿಸಿ ಬೆಳೆಸಿದ ಕಾಯಿ ದನದ ಮುಂದೆ ಹೋಯಿತು. ಆ ಹುಡುಗಿ ತರಗತಿಯಲ್ಲಿ ಯಾವಾಗಲೂ ಮೊದಲ ಸಾಲಿನಲ್ಲಿ ಕೂರುವವಳು. ಬೆಂಡೆಯನ್ನು ದಿನ ಬಿಟ್ಟು ದಿನ ಕೊಯ್ಯಬೇಕು ಎಂಬ ವಾಕ್ಯ ಅವಳ ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯ ಅಡಿಗೆರೆಯೊಂದಿಗೆ ಇತ್ತು. ಅದು ಅವಳಿಗೆ ನಿಜವಾಗಿ ಅರ್ಥವಾದದ್ದು ಆ ಮಂಗಳವಾರ.

ನಾನು ಅವಳನ್ನು ಬೈಯಲಿಲ್ಲ. ಬಲಿತ ಕಾಯಿಗಳನ್ನೆಲ್ಲ ಆ ದಿನವೇ ಕಿತ್ತು ಹಾಕಿಸಿದೆ. ಬೆಂಡೆಯ ಸ್ವಭಾವವೇ ಅಂಥದ್ದು. ಬಲಿತ ಕಾಯಿ ಗಿಡದಲ್ಲಿ ಉಳಿದರೆ ಗಿಡವು ಬೀಜ ಕಟ್ಟುವುದಕ್ಕೆ ತನ್ನ ಶಕ್ತಿಯನ್ನು ಹೊರಳಿಸುತ್ತದೆ, ಹೊಸ ಹೂವು ಕಡಿಮೆಯಾಗುತ್ತದೆ. ಕಿತ್ತ ಮೇಲೆ ಒಂದು ವಾರದಲ್ಲಿ ಗಿಡ ಮತ್ತೆ ಎಳೆಗಾಯಿ ಕೊಟ್ಟಿತು. ಆದರೆ ಅಂದಿನಿಂದ ನನ್ನ ಮನಸ್ಸಿನಲ್ಲಿ ಒಂದು ಮಾತು ಗಟ್ಟಿಯಾಗಿ ಕುಳಿತಿದೆ, ಇಂದು ಅದನ್ನೇ ಹೇಳಲು ಬಂದಿದ್ದೇನೆ. ವಿಶ್ವವಿದ್ಯಾಲಯದಲ್ಲಿ ತರಕಾರಿ ಕಲಿಯುವುದೆಂದರೆ ಮೊದಲಿಗೆ ತರಕಾರಿಯ ಕಾಲಮಾನಕ್ಕೆ ಒಗ್ಗುವುದು. ನಮ್ಮ ವೇಳಾಪಟ್ಟಿಗೆ ಗಿಡವನ್ನು ಒಗ್ಗಿಸಲು ಆಗುವುದಿಲ್ಲ. ಇಷ್ಟು ಸಣ್ಣ ಸಂಗತಿಯನ್ನು ಒಪ್ಪಿಕೊಳ್ಳಲು ನಮ್ಮ ಶಿಕ್ಷಣ ವ್ಯವಸ್ಥೆ ಬಹಳ ಕಷ್ಟಪಡುತ್ತಿದೆ.

ಲೆಕ್ಕ ನೋಡಿ. ಟೊಮೆಟೊ ಬೀಜ ಒಟ್ಲು ಹಾಕಿದರೆ ಸಸಿ ನಾಟಿಗೆ ಬರಲು ಸುಮಾರು 25 ದಿನ. ನಾಟಿಯಾದ ಮೇಲೆ ಮೊದಲ ಹಣ್ಣಿಗೆ ಇನ್ನೂ 60ರಿಂದ 70 ದಿನ. ಅಲ್ಲಿಗೇ ಮೂರು ತಿಂಗಳಾಯಿತು. ಸೆಮಿಸ್ಟರ್ ಶುರುವಾಗಿ, ಪ್ರವೇಶ ಮುಗಿದು, ವೇಳಾಪಟ್ಟಿ ಸಿದ್ಧವಾಗಿ, ಜಾಗ ಹಂಚಿ, ಉಳುಮೆ ಆಗುವಷ್ಟರಲ್ಲಿ ಮೂರು ವಾರ ಹೋಗಿರುತ್ತದೆ. ಅಂದರೆ ಟೊಮೆಟೊ ಕೆಂಪಾಗುವ ಹೊತ್ತಿಗೆ ವಿದ್ಯಾರ್ಥಿಗಳು ಪರೀಕ್ಷಾ ಕೊಠಡಿಯಲ್ಲಿ ಕುಳಿತು ಟೊಮೆಟೊ ಕೊಯ್ಲಿನ ಹಂತಗಳನ್ನು ಬರೆಯುತ್ತಿರುತ್ತಾರೆ. ಹೊಲದಲ್ಲಿ ಹಣ್ಣು ಕೊಯ್ಯುವವರು ದಿನಗೂಲಿಯ ಹೆಂಗಸರು. ಒಂದು ತಂಡ ನಾಟಿ ಮಾಡುತ್ತದೆ, ಇನ್ನೊಂದು ತಂಡ ಬಂದು ಹಣ್ಣು ನೋಡುತ್ತದೆ. ಬೀಜದಿಂದ ಮಾರಾಟದವರೆಗಿನ ಪೂರ್ತಿ ದಾರಿ ಯಾರೊಬ್ಬರಿಗೂ ಕಾಣುವುದಿಲ್ಲ. ನಾಟಿಯ ದಿನ ಒಂದು ಗೇಣು ಅಂತರ ತಪ್ಪಿದ್ದಕ್ಕೆ ಕೊಯ್ಲಿನ ದಿನ ಸಾಲಿನ ನಡುವೆ ಬುಟ್ಟಿ ಹಿಡಿದು ನಡೆಯಲಾಗದೆ ಒದ್ದಾಡಿದರೆ ಮಾತ್ರ ಅಂತರದ ಪಾಠ ತಲೆಗೆ ಹೋಗುತ್ತದೆ.

ಆದ್ದರಿಂದ ನಾವು ಮಾಡಿದ್ದು ಇಷ್ಟು. ತಲೆಗೆ ಒಂದು ಗುಂಟೆಯನ್ನು ವರ್ಷಪೂರ್ತಿ ಕೊಟ್ಟೆವು. ಒಂದು ಗುಂಟೆ ಎಂದರೆ 1,089 ಚದರ ಅಡಿ, ಊರಿನ ಒಂದು ಸಾಧಾರಣ ಮನೆ ನಿವೇಶನದಷ್ಟು. ಮೊದಲ ತಿಂಗಳಲ್ಲೇ ಕೈಗೆ ಏನಾದರೂ ಸಿಗಬೇಕು, ಇಲ್ಲವಾದರೆ ಹದಿನೆಂಟು ವರ್ಷದ ಮಕ್ಕಳಿಗೆ ತಾಳ್ಮೆ ಉಳಿಯುವುದಿಲ್ಲ. ಹಾಗಾಗಿ ಮೆಂತ್ಯ ಮತ್ತು ಹರಿವೆ ಮೊದಲು: ಇಪ್ಪತ್ತೈದು, ಮೂವತ್ತು ದಿನಕ್ಕೆ ಕಟ್ಟು ಕಟ್ಟಬಹುದು. ಮೂಲಂಗಿ ನಲವತ್ತು ನಲವತ್ತೈದು ದಿನ. ಅದರ ಬೆನ್ನಿಗೆ ಬೆಂಡೆ, ಹುರುಳಿಕಾಯಿ. ಟೊಮೆಟೊ, ಬದನೆ, ಮೆಣಸಿನಕಾಯಿ ರಜೆಯನ್ನೂ ದಾಟಿ ನಿಲ್ಲುವ ಬೆಳೆಗಳು. ಅವನ್ನು ಬೆಳೆಯುವವರು ರಜೆಯಲ್ಲಿ ಯಾರು ನೋಡಿಕೊಳ್ಳುತ್ತಾರೆಂದು ಮೊದಲೇ ಬರೆದುಕೊಡಬೇಕು. ಈ ಬರೆದುಕೊಡುವ ಕೆಲಸವೇ ನಾನು ಕಲಿಸಿದ ಎಲ್ಲ ಪಾಠಕ್ಕಿಂತ ಹೆಚ್ಚು ಕಲಿಸಿತು. ನೀನು ಬೀದರಿಗೆ ಹೋಗು, ನಿನ್ನ ಬದನೆಯನ್ನು ನಾನು ನೋಡುತ್ತೇನೆ. ಸಂಕ್ರಾಂತಿಗೆ ನಾನು ಮನೆಗೆ ಹೋದಾಗ ನನ್ನ ಅವರೆಯನ್ನು ನೀನು ನೋಡು. ಊರಿನಲ್ಲಿ ಇದಕ್ಕೆ ಮುಯ್ಯಾಳು ಎನ್ನುತ್ತಿದ್ದೆವು. ಆ ಪದ ಗೊತ್ತಿಲ್ಲದ ಮಕ್ಕಳು ಆ ಪದ್ಧತಿಯನ್ನು ತಾವೇ ಮತ್ತೆ ಕಂಡುಕೊಂಡರು.

ನಮ್ಮ ನಾಡಿನ ಕೃಷಿ ಶಿಕ್ಷಣಕ್ಕೆ ದೊಡ್ಡ ಹಿನ್ನೆಲೆಯಿದೆ. 1899ರಲ್ಲಿ ಮೈಸೂರು ಸಂಸ್ಥಾನದ ರಾಜಮಾತೆ ವಾಣಿ ವಿಲಾಸ ಸನ್ನಿಧಾನ ಅವರು ಹೆಬ್ಬಾಳದಲ್ಲಿ 30 ಎಕರೆ ನೆಲ ಕೊಟ್ಟು ಪ್ರಯೋಗ ಕ್ಷೇತ್ರಕ್ಕೆ ದಾರಿ ಮಾಡಿದರು. ಲೇಮನ್ ಎಂಬ ರಸಾಯನ ವಿಜ್ಞಾನಿ ಅಲ್ಲಿ ಮಣ್ಣಿನ ಪ್ರಯೋಗಗಳನ್ನು ಆರಂಭಿಸಿದರು. 1913ರಲ್ಲಿ ಸಂಸ್ಥಾನದ ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ ಅಲ್ಲೇ ಕೃಷಿ ಶಾಲೆ ಬಂತು, 1946ರಲ್ಲಿ ಕಾಲೇಜು, 1964ರಲ್ಲಿ ಕೃಷಿ ವಿಶ್ವವಿದ್ಯಾಲಯ. 2008ರಲ್ಲಿ ಬಾಗಲಕೋಟೆಯಲ್ಲಿ ತೋಟಗಾರಿಕೆಗೇ ಪ್ರತ್ಯೇಕ ವಿಶ್ವವಿದ್ಯಾಲಯವಾಯಿತು. ಹೆಬ್ಬಾಳದ ನೆಲದಿಂದ ಬಂದ ರಾಗಿ ತಳಿಗಳನ್ನು ನಮ್ಮ ಅಜ್ಜಂದಿರು ಬಿತ್ತಿದ್ದಾರೆ. ಆ ಋಣ ದೊಡ್ಡದು. ಆದರೆ ಈ ದಾರಿಯಲ್ಲಿ ರಾಗಿ, ಭತ್ತ, ಕಬ್ಬಿಗೆ ಸಿಕ್ಕ ಪೀಠ ಹಿತ್ತಲಿನ ಬೆಳೆಗೆ ಬಹಳ ಕಾಲ ಸಿಗಲಿಲ್ಲ. ಹೊಲ ಗಂಡಸರದು, ಹಿತ್ತಲು ಹೆಂಗಸರದು ಎಂಬ ಮನೆಯ ಹಂಚಿಕೆ ಶಾಲೆಗೂ ಬಂದಿತ್ತೆಂದು ನಾನು ತಿಳಿದಿದ್ದೇನೆ. ಬೂದಿ ಬೆರೆಸಿದ ಮಡಕೆಯಲ್ಲಿ ಹೀರೆ, ಸೋರೆ, ಅವರೆ ಬೀಜ ಕಾಪಾಡಿದ ನನ್ನ ತಾಯಿಯನ್ನು ಯಾರೂ ಬೀಜತಜ್ಞೆ ಎಂದು ಕರೆಯಲಿಲ್ಲ.

2015ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಸ್ಟೂಡೆಂಟ್ ರೆಡಿ ಎಂಬ ಕಾರ್ಯಕ್ರಮ ತಂದಾಗ ನನಗೆ ಬಹಳ ಸಂತೋಷವಾಯಿತು. ಹಳ್ಳಿಯಲ್ಲಿದ್ದು ಕಲಿಯುವ ಗ್ರಾಮೀಣ ಕಾರ್ಯಾನುಭವ, ಕೈಯಾರೆ ಬೆಳೆದು ಮಾರಿ ಲೆಕ್ಕ ಒಪ್ಪಿಸುವ ಅನುಭವಾಧಾರಿತ ಕಲಿಕೆ, ಎಲ್ಲವೂ ಪದವಿಯ ಕೊನೆಯ ವರ್ಷದಲ್ಲಿ ಸೇರಿಕೊಂಡವು. ನನ್ನ ಒಂದೇ ತಕರಾರು, ಅದು ಕೊನೆಯ ವರ್ಷಕ್ಕೆ ಏಕೆ ಕಾಯಬೇಕು ಎಂಬುದು. ಮೂರು ವರ್ಷ ಪುಸ್ತಕದಲ್ಲಿ ಓದಿ ಆಮೇಲೆ ಮಣ್ಣಿಗೆ ಇಳಿದವರು ಪುಸ್ತಕದಲ್ಲಿರುವುದನ್ನು ಮಣ್ಣಿನಲ್ಲಿ ಹುಡುಕುತ್ತಾರೆ. ಮೊದಲ ತಿಂಗಳಲ್ಲೇ ಮಣ್ಣಿಗಿಳಿದವರು ಪ್ರಶ್ನೆ ಹಿಡಿದುಕೊಂಡು ಪುಸ್ತಕಕ್ಕೆ ಬರುತ್ತಾರೆ.

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಆವರಣದಲ್ಲಿ 1967ರಲ್ಲಿ ಅಲನ್ ಚಾಡ್ವಿಕ್ ಎಂಬ ಇಂಗ್ಲಿಷ್ ತೋಟಗಾರ ಒಂದು ಕಡಿದಾದ ಇಳಿಜಾರಿನಲ್ಲಿ ಕೈಗುದ್ದಲಿಯಿಂದ ಅಗೆದು ವಿದ್ಯಾರ್ಥಿ ತೋಟ ಎಬ್ಬಿಸಿದರು. ಕಾಡುಗಿಡ ಬೆಳೆದಿದ್ದ ಬಡ ಮಣ್ಣು ಅದು. ಪಠ್ಯಕ್ರಮ ಇರಲಿಲ್ಲ. ಅವರು ಬೆಳಗಿನಿಂದ ಸಂಜೆವರೆಗೆ ಅಗೆಯುತ್ತಿದ್ದರು, ನೋಡಿದ ವಿದ್ಯಾರ್ಥಿಗಳು ಬಂದು ಸೇರಿಕೊಂಡರು. ಇಂದು ಅದು ಅದೇ ವಿಶ್ವವಿದ್ಯಾಲಯದ ಕೃಷಿ ಪರಿಸರ ವಿಜ್ಞಾನ ಕೇಂದ್ರದ ಭಾಗವಾಗಿದೆ, ಅಲ್ಲಿ ಬೆಳೆದದ್ದನ್ನು ಆವರಣದಲ್ಲೇ ಮಾರುತ್ತಾರೆ. ಅವರ ಹವೆ ಬೇರೆ, ಮಾರುಕಟ್ಟೆ ಬೇರೆ. ಅದನ್ನು ಇಲ್ಲಿಗೆ ಎತ್ತಿ ತಂದು ನೆಡಬೇಕೆಂದು ನಾನು ಹೇಳುತ್ತಿಲ್ಲ. ವಿದ್ಯಾರ್ಥಿ ಇಡೀ ವರ್ಷ ಒಂದೇ ನೆಲದ ಜೊತೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಅರ್ಧ ಶತಮಾನ ಮೀರಿದ ಸಾಕ್ಷಿ ಅಲ್ಲಿದೆ, ಅಷ್ಟೇ.

ಈಗ ಮಣ್ಣಿಗೆ ಬರೋಣ. ಸುಸ್ಥಿರ ಕೃಷಿ ಎಂಬ ಪದ ಎಲ್ಲ ವೇದಿಕೆಗಳ ಮೇಲೂ ಓಡಾಡುತ್ತಿದೆ. ನಾನು ವಿದ್ಯಾರ್ಥಿಗಳಿಗೆ ಆ ಪದವನ್ನು ಮಕ್ಕರಿಯಲ್ಲಿ ಅಳೆಯಲು ಹೇಳುತ್ತೇನೆ. ತರಕಾರಿಗೆ ಹೆಕ್ಟೇರಿಗೆ 25 ಟನ್ ಕೊಟ್ಟಿಗೆ ಗೊಬ್ಬರ ಎಂಬುದು ಶಿಫಾರಸು. ಎಕರೆಗೆ 10 ಟನ್, ಗುಂಟೆಗೆ 250 ಕೆಜಿ. ಇಪ್ಪತ್ತು ಕೆಜಿ ಹಿಡಿಯುವ ಮಕ್ಕರಿಯಲ್ಲಿ ತಿಪ್ಪೆಯಿಂದ ಮಡಿಗೆ ಹನ್ನೆರಡು ಹದಿಮೂರು ಸಲ ಹೊರಬೇಕು. ಹೊತ್ತ ಮೇಲೆ ಇನ್ನೊಂದು ಪ್ರಶ್ನೆ ತಾನಾಗಿ ಏಳುತ್ತದೆ, ಈ ಗೊಬ್ಬರ ಬಂದದ್ದು ಎಲ್ಲಿಂದ? ಒಂದು ಹಸು ದಿನಕ್ಕೆ ಸುಮಾರು ಹತ್ತು ಕೆಜಿ ಸಗಣಿ ಹಾಕುತ್ತದೆ ಎಂದುಕೊಳ್ಳಿ. ಕಳಿತು ಗೊಬ್ಬರವಾಗುವಾಗ ಅದರ ತೂಕ ಬಹಳಷ್ಟು ಇಳಿಯುತ್ತದೆ. ಆ ಒಂದು ಗುಂಟೆಯ ಒಂದು ಬೆಳೆಗೆ ಒಂದು ಹಸುವಿನ ಒಂದೂವರೆ ಎರಡು ತಿಂಗಳ ಸಗಣಿ ಬೇಕಾಗುತ್ತದೆ. ಹಸು ತಿನ್ನುವ ಮೇವು ಎಲ್ಲಿ ಬೆಳೆಯಿತು? ಆ ನೆಲಕ್ಕೆ ಏನು ಮರಳಿ ಹೋಯಿತು? ಹೀಗೆ ಕೇಳುತ್ತಾ ಹೋದರೆ ಒಂದು ಗುಂಟೆಯ ಹಿಂದೆ ಎಷ್ಟು ನೆಲ ಅಡಗಿ ನಿಂತಿದೆ ಎಂಬುದು ಕಾಣುತ್ತದೆ. ಸಾವಯವ ಎಂದು ಹೇಳಿಬಿಡುವುದು ಸುಲಭ. ಪಕ್ಕದ ಹಳ್ಳಿಯ ತಿಪ್ಪೆಯನ್ನು ಲಾರಿಯಲ್ಲಿ ಹೊಡೆಸಿಕೊಂಡು ಸಾವಯವ ಬೆಳೆದರೆ, ಆ ಹಳ್ಳಿಯ ಹೊಲದ ಸತ್ವವನ್ನು ನಾವು ಕೊಂಡು ತಂದೆವು ಎಂದೇ ಅರ್ಥ.

ಈ ಪ್ರಶ್ನೆಯೇ ವಿದ್ಯಾರ್ಥಿಗಳನ್ನು ಹಾಸ್ಟೆಲಿನ ಅಡುಗೆಮನೆಯ ಹಿಂಬಾಗಿಲಿಗೆ ಕರೆದುಕೊಂಡು ಹೋಯಿತು. ಅಲ್ಲಿ ಪ್ರತಿದಿನ ಕೋಸಿನ ಹೊರ ಎಲೆ, ಬಾಳೆಹಣ್ಣಿನ ಸಿಪ್ಪೆ, ಸೊಪ್ಪಿನ ದಂಟು ರಾಶಿಯಾಗಿ ಬೀಳುತ್ತಿತ್ತು. ಅದರ ಜೊತೆ ಮರದ ಒಣ ಎಲೆ ಪದರ ಪದರವಾಗಿ ಸೇರಿ, ಸಗಣಿ ನೀರು ಚಿಮುಕಿಸಿ, ಎರೆಹುಳು ಬಿಟ್ಟು ಗೊಬ್ಬರ ಮಾಡಲು ಎರಡು ಮೂರು ತಿಂಗಳು ಹಿಡಿಯಿತು. ಮೊದಲ ಗುಂಡಿ ಕೊಳೆತು ನಾತ ಬಂತು, ಏಕೆಂದರೆ ಮಕ್ಕಳು ಅನ್ನವನ್ನೂ ಸಾರನ್ನೂ ಅದಕ್ಕೇ ಸುರಿದಿದ್ದರು. ಎರಡನೆಯದು ಚೆನ್ನಾಗಿ ಬಂತು. ಕೈಯಲ್ಲಿ ಹಿಡಿದರೆ ಮಳೆ ಬಿದ್ದ ಮಣ್ಣಿನ ವಾಸನೆ. ತಾವು ಉಂಡದ್ದರ ಸಿಪ್ಪೆ ತಮ್ಮ ಮಡಿಗೆ ಬಂದ ದಿನ ಅವರ ಮುಖ ನೋಡಬೇಕಿತ್ತು.

ಹುಳದ ವಿಷಯದಲ್ಲಿ ಒಂದೇ ಉದಾಹರಣೆ ಹೇಳುತ್ತೇನೆ, ಏಕೆಂದರೆ ಅದು ಮತ್ತೆ ನಮ್ಮನ್ನು ಕಾಲದ ಪಾಠಕ್ಕೇ ತರುತ್ತದೆ. ಟೊಮೆಟೊ ಕಾಯಿಕೊರಕವನ್ನು ಚೆಂಡುಹೂವಿನಿಂದ ಸೆಳೆಯುವ ವಿಧಾನವನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದೆ. ಹದಿನಾರು ಸಾಲು ಟೊಮೆಟೊಗೆ ಒಂದು ಸಾಲು ಚೆಂಡುಹೂವು. ಕಾಯಿಕೊರಕದ ಪತಂಗಕ್ಕೆ ಚೆಂಡುಹೂವಿನ ಮೊಗ್ಗಿನ ಮೇಲೆ ಮೊಟ್ಟೆ ಇಡುವುದು ಬಹಳ ಇಷ್ಟ. ಇದನ್ನು ಓದಿ ಅನೇಕರು ಹೊಲದ ಸುತ್ತ ಚೆಂಡುಹೂವು ಹಾಕಿ, ಏನೂ ಪ್ರಯೋಜನವಾಗಲಿಲ್ಲ ಎನ್ನುತ್ತಾರೆ. ಗುಟ್ಟು ಇರುವುದು ಸಸಿಯ ವಯಸ್ಸಿನಲ್ಲಿ. ಟೊಮೆಟೊ ಸಸಿ 25 ದಿನದ್ದಾಗಿದ್ದರೆ ಚೆಂಡುಹೂವಿನ ಸಸಿ 40 ದಿನದ್ದಿರಬೇಕು, ಎರಡನ್ನೂ ಒಟ್ಟಿಗೆ ನೆಡಬೇಕು. ಆಗ ಮಾತ್ರ ಎರಡೂ ಒಂದೇ ಹೊತ್ತಿಗೆ ಹೂವಿಗೆ ಬರುತ್ತವೆ. ಹದಿನೈದು ದಿನದ ಈ ಅಂತರವನ್ನು ಮರೆತರೆ, ಟೊಮೆಟೊ ಕಾಯಿ ಕಚ್ಚಿದಾಗ ಚೆಂಡುಹೂವು ಇನ್ನೂ ಬರಿಯ ಸೊಪ್ಪಾಗಿರುತ್ತದೆ. ಔಷಧಿ ಅಂಗಡಿಯ ಬಾಟಲಿ ಯಾವ ದಿನ ಬೇಕಾದರೂ ಸಿಗುತ್ತದೆ. ಇಂಥ ಉಪಾಯಗಳನ್ನು ಮಾತ್ರ ಎರಡು ತಿಂಗಳು ಮೊದಲೇ ಯೋಚಿಸಿರಬೇಕು. ಮುಂದಾಲೋಚನೆಗೆ ಸಮಯ ಸಿಗದ ರೈತ ಬಾಟಲಿಗೆ ಕೈ ಚಾಚುತ್ತಾನೆ. ಅವನನ್ನು ದೂರುವ ಮೊದಲು ಅವನ ಸಾಲದ ಕಂತಿನ ದಿನಾಂಕವನ್ನೂ ಕೇಳಬೇಕು.

ನನಗೆ ಎಲ್ಲಕ್ಕಿಂತ ದೊಡ್ಡ ಪಾಠ ಕಲಿಸಿದವರು ನಮ್ಮ ತಾಕಿನಲ್ಲಿ ಕಳೆ ಕೀಳಲು ಬರುತ್ತಿದ್ದ ಒಬ್ಬ ಹಿರಿಯ ಹೆಂಗಸು. ಕಳೆ ಶಾಸ್ತ್ರದ ಪ್ರಾಯೋಗಿಕ ತರಗತಿಗೆಂದು ವಿದ್ಯಾರ್ಥಿಗಳು ಗಿಡ ಸಂಗ್ರಹಿಸುತ್ತಿದ್ದರು. ಒತ್ತಿ ಒಣಗಿಸಿ, ಹಾಳೆಗೆ ಅಂಟಿಸಿ, ಲ್ಯಾಟಿನ್ ಹೆಸರು ಬರೆಯಬೇಕು. ಸೆಲೋಸಿಯಾ ಅರ್ಜೆಂಟಿಯಾ, ರಾಗಿ ಹೊಲದ ಕಳೆ. ಪೋರ್ಚುಲಾಕಾ ಒಲೆರೇಸಿಯಾ, ಕಳೆ. ಆಲ್ಟರ್ನಾಂತೆರಾ ಸೆಸೈಲಿಸ್, ಅದೂ ಕಳೆ. ಆ ಅಮ್ಮ ಸಂಜೆ ಮನೆಗೆ ಹೊರಟಾಗ ಸೆರಗಿನಲ್ಲಿ ಒಂದು ಗಂಟು ಇರುತ್ತಿತ್ತು. ಒಂದು ದಿನ ಹುಡುಗನೊಬ್ಬ ಕೇಳಿದ, "ಅಜ್ಜಿ, ಏನು ಕಟ್ಟಿಕೊಂಡಿದ್ದೀರಿ?" ಅವರು ಸೆರಗು ಬಿಚ್ಚಿ ತೋರಿಸಿದರು. ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಹೊನಗೊನ್ನೆ. ಹುಡುಗನ ಕೈಯಲ್ಲಿದ್ದ ಹಾಳೆಗೆ ಅಂಟಿಕೊಂಡಿದ್ದ ಅವೇ ಮೂರು ಗಿಡ.

"ಇದು ಕಳೆಯಲ್ಲವೇ ಅಜ್ಜಿ?" ಎಂದ.

"ರಾಗಿ ಪೈರಿನ ನಡುವೆ ನಿಂತರೆ ಕಳೆ ಕಣಪ್ಪ. ಮಡಕೆಗೆ ಬಂದರೆ ಬೆರಕೆ ಸೊಪ್ಪು" ಎಂದರು.

ಆ ದಿನ ನಾನು ತರಗತಿಯ ಪಾಠ ನಿಲ್ಲಿಸಿ ಆ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿದೆ. ಯಾವ ಸೊಪ್ಪು ಎಳೆಯದಿದ್ದಾಗ ಮಾತ್ರ ತಿನ್ನಬೇಕು, ಯಾವುದು ಹೂ ಬಂದ ಮೇಲೆ ಕಹಿ, ಯಾವುದಕ್ಕೆ ತೊಗರಿಬೇಳೆ ಸೇರಬೇಕು, ಯಾವುದಕ್ಕೆ ಹುಳಿ ಬೇಕು, ಬಾಣಂತಿಗೆ ಯಾವುದು ಕೊಡಬಾರದು, ಹೊಲದಲ್ಲಿ ಔಷಧಿ ಹೊಡೆದ ಮೇಲೆ ಎಷ್ಟು ಮಳೆ ಕಳೆಯುವವರೆಗೆ ಸೊಪ್ಪು ಮುಟ್ಟಬಾರದು ಎಂದು ಒಂದು ಗಂಟೆ ಹೇಳಿದರು. ಬೆರಕೆ ಸೊಪ್ಪಿನ ಸಾರು ಕೋಲಾರ, ಚಿಕ್ಕಬಳ್ಳಾಪುರ ಸೀಮೆಯಲ್ಲಿ ಬೆಳೆದ ನಿಮಗೆ ಹೊಸದಲ್ಲ. ಬಿತ್ತದೆ, ನೀರು ಹಾಯಿಸದೆ, ಗೊಬ್ಬರ ಕೇಳದೆ ಬರುವ ತರಕಾರಿ ಅದು. ಸ್ಥಳೀಯ ಆಹಾರ ಎಂಬ ವಿಷಯಕ್ಕೆ ಪಠ್ಯಪುಸ್ತಕ ಬರೆಯುವುದಿದ್ದರೆ ಮೊದಲ ಅಧ್ಯಾಯ ಅಲ್ಲಿಂದಲೇ ಶುರುವಾಗಬೇಕು ಎಂಬುದು ನನ್ನ ಅಭಿಪ್ರಾಯ. ಕಳೆನಾಶಕದ ಬಳಕೆ ಹೆಚ್ಚಿದ ಹೊಲಗಳಲ್ಲಿ ಮೊದಲು ಕಾಣೆಯಾಗುವುದೂ ಅದೇ. ಉಳಿದ ಬೆಳೆ ಹೋದರೆ ಮಾರುಕಟ್ಟೆಯ ವರದಿಯಲ್ಲಿ ಬರುತ್ತದೆ, ಅಣ್ಣೆ ಸೊಪ್ಪು ಹೋದರೆ ಆ ಅಮ್ಮನ ಸೆರಗಿಗೆ ಮಾತ್ರ ಗೊತ್ತಾಗುತ್ತದೆ.

ಅಕ್ಕಡಿ ಸಾಲಿನ ಕಥೆಯೂ ಇಂಥದ್ದೇ. ರಾಗಿಯ ನಡುವೆ ಇಷ್ಟು ಸಾಲಿಗೆ ಒಂದರಂತೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳ, ಅಂಚಿಗೆ ಹರಳು. ರಾಗಿ ಕೊಯ್ಲಾದ ಮೇಲೂ ಹೊಲ ಖಾಲಿಯಾಗುವುದಿಲ್ಲ, ಅವರೆ ಚಳಿಗೆ ಕಾಯಿ ಕಟ್ಟುತ್ತದೆ. ನಾಟಿ ಅವರೆ ಹಗಲು ಗಿಡ್ಡವಾದಾಗ ಮಾತ್ರ ಹೂ ಬಿಡುವ ಬೆಳೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಳಿ ವಿಜ್ಞಾನಿಗಳು ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ಎಂಬ ತಳಿಗಳನ್ನು ತಂದು ಹಗಲಿನ ಈ ಕಟ್ಟನ್ನು ಬಿಡಿಸಿದರು, ಈಗ ಅವರೆಯನ್ನು ವರ್ಷದ ಯಾವ ಕಾಲದಲ್ಲಾದರೂ ಬೆಳೆಯಬಹುದು. ರೈತರಿಗೆ ಅದರಿಂದ ನಿಜವಾದ ಅನುಕೂಲವಾಗಿದೆ. ಆದರೂ ಪುಷ್ಯ ಮಾಸದ ಮಂಜಿನಲ್ಲಿ ಬಂದ ಸೊಗಡಿನ ಅವರೆಗೆ ಗಿರಾಕಿ ಮೂಸಿ ನೋಡಿಯೇ ಬೆಲೆ ಕಟ್ಟುತ್ತಾರೆ. ನಾನು ವಿದ್ಯಾರ್ಥಿಗಳಿಗೆ ಎರಡನ್ನೂ ಅಕ್ಕಪಕ್ಕ ಬಿತ್ತಿಸಿದೆ. ಯಾವುದು ಮೇಲು ಎಂದು ತೀರ್ಪು ಕೊಡಿಸಲಿಲ್ಲ. ಒಂದರ ಜೊತೆ ಏನು ಬರುತ್ತದೆ, ಏನು ಬಿಟ್ಟುಹೋಗುತ್ತದೆ ಎಂದು ನಾಲಿಗೆಯಿಂದಲೂ ಬರೆಯಿರಿ ಎಂದೆ. ನಾಲಿಗೆಯ ಕಾಲಂ ಇರುವ ಪ್ರಯೋಗ ಪುಸ್ತಕ ನಮ್ಮಲ್ಲಿ ಕಡಿಮೆ.

ಇನ್ನು ಮಾರಾಟ. ಇಲ್ಲಿ ಕುಳಿತ ರೈತರಿಗೆ ನಾನು ಕೋಲಾರದ ಮಂಡಿಯ ಬಗ್ಗೆ ಹೇಳಬೇಕಾಗಿಲ್ಲ. 2023ರ ಜುಲೈನಲ್ಲಿ 15 ಕೆಜಿಯ ಟೊಮೆಟೊ ಬಾಕ್ಸ್ ಅಲ್ಲಿ 2,000 ರೂಪಾಯಿ ದಾಟಿತ್ತು. ಅದೇ ಮಂಡಿಗೆ ತಂದ ಬಾಕ್ಸನ್ನು ಬಾಡಿಗೆಯೂ ಹುಟ್ಟದೆ ರಸ್ತೆ ಬದಿಗೆ ಸುರಿದು ಹೋದ ವರ್ಷಗಳನ್ನೂ ನೀವು ಕಂಡಿದ್ದೀರಿ. ಬೆಲೆ ಏರಿದ ವರ್ಷ ಎಲ್ಲರೂ ನಾಟಿ ಮಾಡುತ್ತಾರೆ, ಎಲ್ಲರ ಹಣ್ಣೂ ಒಟ್ಟಿಗೆ ಬರುತ್ತದೆ, ಬೆಲೆ ಬೀಳುತ್ತದೆ. ಗೋಧಿಯಾದರೆ ಚೀಲ ಕಟ್ಟಿ ಇಡಬಹುದು. ಟೊಮೆಟೊ ಕಾಯುವುದಿಲ್ಲ. ಈ ಸಂಗತಿಯನ್ನು ಅರ್ಥಶಾಸ್ತ್ರದ ಪಾಠದಲ್ಲಿ ರೇಖಾಚಿತ್ರ ಬರೆದು ವಿವರಿಸುತ್ತಾರೆ. ನಮ್ಮ ವಿದ್ಯಾರ್ಥಿಗಳು ಅದನ್ನು ಕೊತ್ತಂಬರಿ ಸೊಪ್ಪಿನಲ್ಲಿ ಕಲಿತರು. ಇಪ್ಪತ್ತು ಜನರೂ ಒಂದೇ ವಾರ ಕೊತ್ತಂಬರಿ ಬಿತ್ತಿದ್ದರು. ಕೊಯ್ಲಿನ ದಿನ ಆವರಣದ ಆಲದ ಮರದ ಕೆಳಗೆ ಇಪ್ಪತ್ತು ರಾಶಿ ಕೊತ್ತಂಬರಿ, ಕೊಳ್ಳುವವರು ಎಂಟು ಜನ. ಮಧ್ಯಾಹ್ನದ ಹೊತ್ತಿಗೆ ಸೊಪ್ಪು ತಲೆ ಬಾಗಿಸಿತು. ಮರುವಾರ ಅವರೇ ಕೂತು ಪಟ್ಟಿ ಮಾಡಿದರು, ಯಾರು ಯಾವ ವಾರ ಏನು ಬಿತ್ತಬೇಕು ಎಂದು. ನಾನು ಒಂದು ಮಾತೂ ಹೇಳಬೇಕಾಗಲಿಲ್ಲ.

ಬೆಳೆಗಾರನನ್ನೂ ಉಣ್ಣುವವನನ್ನೂ ಹತ್ತಿರ ತರುವ ಯತ್ನಗಳು ನಮ್ಮ ಸುತ್ತ ಹೊಸವಲ್ಲ. ತೋಟಗಾರಿಕೆ ತಜ್ಞ ಎಂ. ಎಚ್. ಮರೀಗೌಡರ ಆಸ್ಥೆಯಿಂದ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ್ದು ಮುಂದೆ ಹಣ್ಣು ತರಕಾರಿ ಮಾರುವ ಹಾಪ್‌ಕಾಮ್ಸ್ ಆಯಿತು. ಆಂಧ್ರದಲ್ಲಿ 1999ರ ಜನವರಿಯಲ್ಲಿ ರೈತು ಬಜಾರ್, ಅದೇ ವರ್ಷದ ನವೆಂಬರಿನಲ್ಲಿ ತಮಿಳುನಾಡಿನ ಮಧುರೆಯಲ್ಲಿ ಉಳವರ್ ಸಂದೈ ಶುರುವಾದವು. ನಮ್ಮ ಊರ ಸಂತೆಗಳಂತೂ ಇವೆಲ್ಲಕ್ಕಿಂತ ಹಳೆಯವು. ಇವುಗಳ ಎದುರಿಗೆ ಬೆಂಗಳೂರು ರೋಸ್ ಈರುಳ್ಳಿಯನ್ನು ಇಟ್ಟು ನೋಡಿ. ನಿಮ್ಮ ಜಿಲ್ಲೆಯಲ್ಲೇ ಬೆಳೆಯುವ, 2015ರಲ್ಲಿ ಈ ಸೀಮೆಯದೇ ಬೆಳೆ ಎಂಬ ಭೌಗೋಳಿಕ ಗುರುತು ಪಡೆದ ಈರುಳ್ಳಿ. ಅದರ ದೊಡ್ಡ ಮಾರುಕಟ್ಟೆ ಇರುವುದು ಮಲೇಷ್ಯಾ, ಸಿಂಗಪುರದ ಕಡೆ. ರಫ್ತು ನಿಂತ ದಿನ ಚಿಂತಾಮಣಿಯ ಬೆಳೆಗಾರ ದಿಕ್ಕು ತೋಚದೆ ಕೂರುತ್ತಾನೆ, ಏಕೆಂದರೆ ಪಕ್ಕದ ಮನೆಯ ಅಡುಗೆಗೆ ಆ ಈರುಳ್ಳಿಯ ರೂಢಿಯೇ ಇಲ್ಲ. ಉಡುಪಿಯ ಮಟ್ಟುಗುಳ್ಳ ಬದನೆಗೆ 2011ರಲ್ಲಿ ಅದೇ ಬಗೆಯ ಗುರುತು ಸಿಕ್ಕಿತು. ಆದರೆ ಅದರ ಬಲ ಇರುವುದು ಸುತ್ತಲಿನ ಊರಿನವರು ಅದನ್ನು ಕೇಳಿ ತಿನ್ನುವುದರಲ್ಲಿ. ಊರಿನ ಬಾಯಿರುಚಿಯೇ ಅದರ ಮೊದಲ ಮಾರುಕಟ್ಟೆ.

ಕಾಲೇಜಿಗೂ ಇಂಥ ಒಂದು ಮಾರುಕಟ್ಟೆ ಕಾಂಪೌಂಡಿನ ಒಳಗೇ ಇದೆ, ಅದು ಹಾಸ್ಟೆಲ್ ಮೆಸ್. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2011ರ ಮಾರ್ಗಸೂಚಿ ಗೆಡ್ಡೆ ಸೊಪ್ಪು ಎಲ್ಲ ಸೇರಿ ದಿನಕ್ಕೆ ಒಬ್ಬರಿಗೆ 300 ಗ್ರಾಂ ತರಕಾರಿ ಎಂದಿತ್ತು. ಮುನ್ನೂರು ಮಕ್ಕಳಿದ್ದರೆ ದಿನಕ್ಕೆ 90 ಕೆಜಿ. ಅದರಲ್ಲಿ 15 ಕೆಜಿ ಸೊಪ್ಪು. ನಾನು ಕೆಲಸ ಮಾಡಿದ ಕಡೆ ಈ ತರಕಾರಿ ನಗರದ ಸಗಟು ಮಾರುಕಟ್ಟೆಯಿಂದ ಬರುತ್ತಿತ್ತು. ಹಳ್ಳಿಯಿಂದ ನಗರಕ್ಕೆ ಹೋಗಿ, ರಾತ್ರಿಯಿಡೀ ಮೂಟೆಯಲ್ಲಿ ಬಿಸಿಯಾಗಿ, ಮತ್ತೆ ಹಳ್ಳಿಯ ದಾರಿಯಲ್ಲೇ ನಮ್ಮ ಬಾಗಿಲಿಗೆ. ಗುತ್ತಿಗೆ ಕಡಿಮೆ ಬೆಲೆ ಬರೆದ ಒಬ್ಬರಿಗೆ ವರ್ಷಕ್ಕೆ ಒಮ್ಮೆ ಹೋಗುತ್ತದೆ, ಹತ್ತು ಬಗೆಯ ತರಕಾರಿಯನ್ನು ಒಬ್ಬರೇ ಪ್ರತಿದಿನ ಕೊಡಬೇಕು ಎಂಬ ಷರತ್ತು. ಎರಡು ಎಕರೆಯ ಯಾವ ರೈತ ಆ ಷರತ್ತಿಗೆ ಸಹಿ ಹಾಕಬಲ್ಲ? ನಾವು ಬಹಳ ಓಡಾಡಿ ಸೊಪ್ಪನ್ನು ಮಾತ್ರ ಆ ಗುತ್ತಿಗೆಯಿಂದ ಹೊರಗೆ ತೆಗೆಸಿದೆವು. ವಾರಕ್ಕೆ ಮೂರು ದಿನ ವಿದ್ಯಾರ್ಥಿಗಳ ಮಡಿಯಿಂದ, ಉಳಿದ ದಿನ ಹತ್ತಿರದ ಹಳ್ಳಿಯ ನಾಲ್ಕು ಕುಟುಂಬಗಳಿಂದ. ಅಡುಗೆಯವರು ಮೊದಲು ಒಪ್ಪಲಿಲ್ಲ. ಸೊಪ್ಪು ಬಿಡಿಸಲು ಸಮಯ ಹಿಡಿಯುತ್ತದೆ, ಕೋಸು ಕೊಚ್ಚುವುದು ಸುಲಭ ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಸ್ಥಳೀಯ ಆಹಾರದ ಬಗ್ಗೆ ಮಾತಾಡುವವರು ಸೊಪ್ಪು ಬಿಡಿಸುವ ಕೈಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೊನೆಗೆ ವಿದ್ಯಾರ್ಥಿಗಳು ಸರದಿಯ ಮೇಲೆ ಬೆಳಿಗ್ಗೆ ಅರ್ಧ ಗಂಟೆ ಕೂತು ಬಿಡಿಸಿಕೊಟ್ಟರು, ಆಮೇಲೆಯೇ ಅದು ನಡೆಯಿತು.

ಎಲ್ಲವನ್ನೂ ಹತ್ತಿರದಲ್ಲೇ ಬೆಳೆದುಕೊಳ್ಳಬಹುದು ಎಂದು ನಾನು ನಂಬುವುದಿಲ್ಲ. ಆಲೂಗಡ್ಡೆ ಹಾಸನದಿಂದ ಬರಲಿ, ದೊಡ್ಡ ಈರುಳ್ಳಿ ಚಿತ್ರದುರ್ಗ, ಗದಗದ ಕಡೆಯಿಂದ ಬರಲಿ, ಅದರಲ್ಲಿ ತಪ್ಪಿಲ್ಲ. ಅವು ಕಾಯಬಲ್ಲವು. ಕಾಯಲಾರದ್ದು, ಕೊಯ್ದ ಸಂಜೆಯೇ ಬಾಡುವಂಥದ್ದು ಮಾತ್ರ ಹತ್ತಿರದಿಂದ ಬರಬೇಕು. ಹಾಗೆ ವಿಂಗಡಿಸಿದರೆ ಕೆಲಸ ಕೈಗೆಟಕುವಷ್ಟು ಆಗುತ್ತದೆ.

ಲೆಕ್ಕದ ಪುಸ್ತಕದ ಬಗ್ಗೆ ಒಂದು ಮಾತು ಹೇಳದಿದ್ದರೆ ಈ ಉಪನ್ಯಾಸ ಅಪೂರ್ಣ. ಪ್ರತಿ ವಿದ್ಯಾರ್ಥಿಯೂ ಬೀಜ, ಗೊಬ್ಬರ, ನೀರಿನ ಜೊತೆಗೆ ತಾನು ಮಡಿಯಲ್ಲಿ ಕಳೆದ ಗಂಟೆಗಳನ್ನೂ ಬರೆಯಬೇಕು. ವರ್ಷದ ಕೊನೆಗೆ ಒಬ್ಬ ವಿದ್ಯಾರ್ಥಿಯ ತಂದೆ ಬಂದಿದ್ದರು, ಮೂವತ್ತು ವರ್ಷದಿಂದ ಟೊಮೆಟೊ, ಕ್ಯಾಪ್ಸಿಕಂ ಬೆಳೆದವರು. ಮಗನ ಪುಸ್ತಕವನ್ನು ಬಹಳ ಹೊತ್ತು ತಿರುವಿ ನೋಡಿದರು. ಗಂಟೆಯ ಕಾಲಮ್ಮಿನ ಮೇಲೆ ಬೆರಳಿಟ್ಟು, "ಮೇಡಂ, ಇದನ್ನು ನಾವು ಯಾವತ್ತೂ ಬರೆದಿಲ್ಲ. ಬರೆದಿದ್ದರೆ ನಮ್ಮ ಮನೆಯಾಕೆಯ ಹೆಸರಿನಲ್ಲೇ ದೊಡ್ಡ ಬಾಕಿ ನಿಲ್ಲುತ್ತಿತ್ತು" ಎಂದರು. ಮಗನನ್ನು ಅವರು ಓದಿಸಿದ್ದು ಹೊಲದಿಂದ ಬಿಡಿಸಲೆಂದೇ. ಅದನ್ನು ಅವರು ಮುಚ್ಚಿಡಲಿಲ್ಲ, ನಾನೂ ವಾದಿಸಲಿಲ್ಲ. ಹೊರಡುವಾಗ ಮಗನ ಮಡಿಯಿಂದ ಒಂದು ಹಿಡಿ ಬೆಂಡೆಕಾಯಿ ಕಿತ್ತು, ತುದಿ ಮುರಿದು ನೋಡಿ, ಚೀಲಕ್ಕೆ ಹಾಕಿಕೊಂಡರು.

ಇಂದು ನಾನು ಬರಿಗೈಯಲ್ಲಿ ಬಂದಿಲ್ಲ. ಆ ಮೇಜಿನ ಮೇಲೆ ಪೊಟ್ಟಣಗಳಿವೆ. ಅರ್ಕಾ ಅನಾಮಿಕ ಬೆಂಡೆ ಬೀಜ ಇದೆ. ಹೆಸರಘಟ್ಟದ ಹಳೆಯ ತಳಿ, ಹಳದಿ ನಂಜಿಗೆ ಅದರ ನಿರೋಧಕ ಶಕ್ತಿ ಈಗ ಮೊದಲಿನಷ್ಟಿಲ್ಲ, ಹಾಗಾಗಿ ಆ ನಂಜನ್ನು ಹರಡುವ ಬಿಳಿ ನೊಣದ ಮೇಲೆ ಕಣ್ಣಿಡಿ. ಹೈಬ್ರಿಡ್ ಅಲ್ಲವಾದ್ದರಿಂದ ನಾಲ್ಕು ಒಳ್ಳೆಯ ಗಿಡ ಗುರುತಿಸಿ ಬೀಜಕ್ಕೆ ಬಿಟ್ಟುಕೊಳ್ಳಬಹುದು. ಹರಿವೆ ಇದೆ, ನಾಟಿ ಅವರೆ ಇದೆ. ಬೀಜವನ್ನು ಇಂದು ರಾತ್ರಿ ನೆನೆಹಾಕಿ ನಾಳೆ ಬಿತ್ತಿದರೆ, ಬೆಂಡೆಯ ಮೊದಲ ಕೊಯ್ಲು ಶ್ರಾವಣದ ಎರಡನೆಯ ಪಕ್ಷದಲ್ಲಿ ಬರುತ್ತದೆ. ಗೌರಿ ಗಣೇಶ ಹಬ್ಬದ ವಾರ ಕಾಯಿ ಭರದಿಂದ ಬರುತ್ತಿರುತ್ತದೆ, ಆಗ ನಿಮಗೆಲ್ಲ ರಜೆ. ಪೊಟ್ಟಣಗಳ ಪಕ್ಕದಲ್ಲಿ ಒಂದು ಹಾಳೆ ಇಟ್ಟಿದ್ದೇನೆ, ಅದರಲ್ಲಿ ಹಬ್ಬದ ಒಂದೊಂದು ದಿನಕ್ಕೂ ಒಂದು ಸಾಲು ಇದೆ. ಬೀಜ ತೆಗೆದುಕೊಳ್ಳುವ ಮೊದಲು ಯಾರು ಯಾವ ದಿನ ಕೊಯ್ಯುತ್ತೀರಿ ಎಂದು ಹೆಸರು ಬರೆಯಿರಿ. ಚೌತಿಯ ದಿನದ ಸಾಲಿನಲ್ಲಿ ನನ್ನ ಹೆಸರನ್ನು ನಾನು ಆಗಲೇ ಬರೆದಿದ್ದೇನೆ.